ಹಿತ್ತಿಲ ಕಡೆ ವಾಲುವ ಹಿಟ್ಟು

ನರಸಿಂಹರಾಜಪುರದಲ್ಲಿ ಆ ಸಲದ ಪುಷ್ಯದ ಚಳಿ ಹಿಟ್ಟನ್ನು ಹುಳಿಯಲೂ ಬಿಡದಂಥದ್ದು. ಇಡ್ಲಿಗೆ ರುಬ್ಬಿಟ್ಟದ್ದು ಎರಡು ದಿನವಾದರೂ ಪಾತ್ರೆಯ ತಳದಲ್ಲೇ ಕೂತಿರುತ್ತಿತ್ತು. ಹೆಪ್ಪು ಹಾಕಿದ ಹಾಲು ಒಲೆಯ ಮಗ್ಗುಲಲ್ಲಿಟ್ಟರೂ ನೀರುನೀರಾಗಿಯೇ ಉಳಿಯುತ್ತಿತ್ತು. ಅಂಥ ಕಾಲ ನೋಡಿ ಮೂವರು ಹೆಂಗಸರು ಬ್ರೆಡ್ ಮಾಡಲು ಕಲಿಯುತ್ತೇವೆಂದು ಹೊರಟರೆ ಬೀದಿಯವರು ನಗದೆ ಇರುತ್ತಾರೆಯೇ?

ಮೂವರಲ್ಲಿ ಮುಂದಾಳು ತ್ರಿಪುರಸುಂದರಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಕೈಯಲ್ಲಿ ಸೀಮೆಸುಣ್ಣ ಇಲ್ಲದಿದ್ದರೂ ಬೆರಳು ಇನ್ನೂ ಹಾಗೇ ಎತ್ತಿ ಮಾತಾಡುವವಳು. ಎರಡನೆಯವಳು ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ ವಸಂತಮ್ಮ. ಮೂರನೆಯವಳು ದಾಕ್ಷಾಯಿಣಿ. ಅವಳ ಗಂಡ ಗಂಗಾಧರನದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಮನೆಗೆ ಬರುವವನು.

ಅಂಗಡಿಯ ಈಸ್ಟು ಬೇಡ, ಗೋಧಿಹಿಟ್ಟಿಗೆ ನೀರು ಕಲಸಿಟ್ಟು ದಿನಕ್ಕೆರಡು ಹೊತ್ತು ಅಷ್ಟಷ್ಟು ಹೊಸ ಹಿಟ್ಟು ಉಣಿಸುತ್ತ ಹೋದರೆ ಅದು ತಾನಾಗಿ ಹುಳಿದು ಉಬ್ಬುತ್ತದೆ, ಅದನ್ನೇ ಬ್ರೆಡ್ಡಿಗೆ ಹೆಪ್ಪಿನ ಹಾಗೆ ಹಾಕಬೇಕು ಎಂದು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡವಳು ತ್ರಿಪುರಸುಂದರಿಯೇ.

"ತಾನಾಗಿ ಹೆಂಗೆ ಉಬ್ತದೆ ಮಾರಾಯ್ತಿ?" ಎಂದಳು ವಸಂತಮ್ಮ.

"ಗಾಳಿಯಲ್ಲಿ ಜೀವ ಇರ್ತದೆ. ಕಣ್ಣಿಗೆ ಕಾಣೋದಿಲ್ಲ. ಬಂದು ಹಿಟ್ಟಲ್ಲಿ ಸೇರ್ಕೊಳ್ತದೆ. ಊಟ ಹಾಕಿದ್ರೆ ಉಳೀತದೆ."

"ಅಯ್ಯೋ, ಊಟ ಹಾಕಿದ್ರೆ ಉಳಿಯೋರು ನಮ್ಮನೇಲಿ ಆಗ್ಲೇ ನಾಲ್ಕು ಜನ ಇದಾರೆ. ಇನ್ನೂ ಕಾಣದೆ ಇರೋರನ್ನ ಬೇರೆ ಕರೀಬೇಕಾ?"

ಮೂವರೂ ನಕ್ಕು ಮೂರು ಗಾಜಿನ ಭರಣಿಗಳಲ್ಲಿ ಹಿಟ್ಟು ಕಲಸಿಟ್ಟುಕೊಂಡರು.

ಬ್ರೆಡ್ಡು ಒಂದು ಕಡೆಯಾದರೆ ತೋಟ ಇನ್ನೊಂದು ಕಡೆ. ದಾಕ್ಷಾಯಿಣಿಯ ಮನೆಯ ಹಿಂದೆ ನಲವತ್ತು–ಅರವತ್ತರ ಒಂದು ಖಾಲಿ ಸೈಟು ಇತ್ತು. ಅವಳು ಮದುವೆಯಾಗಿ ಬಂದಾಗ ಅದು ಊರಾಚೆಯ ಹಿತ್ತಿಲು. ಈಗ ಮೂರು ಕಡೆ ಮನೆಗಳೆದ್ದು, ಪೇಟೆಯ ನಡುವೆ ಹುಲ್ಲು ಬೆಳೆದ ಒಂದು ತುಂಡು ನೆಲ. ತ್ರಿಪುರಸುಂದರಿಯದು ಮಾಳಿಗೆಯ ಮೇಲಿನ ಬಾಡಿಗೆ ಮನೆ, ವಸಂತಮ್ಮನದು ಗೋಡೆಗೆ ಗೋಡೆ ಅಂಟಿದ ಮನೆ. ಒಂದು ಬಸಳೆ ಬಳ್ಳಿ ಹಬ್ಬಿಸಲೂ ಜಾಗವಿಲ್ಲದ ಇಬ್ಬರೂ ಆ ಸೈಟಿನ ಮೇಲೆ ಕಣ್ಣಿಟ್ಟು ಎರಡು ವರ್ಷವಾಗಿತ್ತು. ಮೂವರೂ ಸೇರಿ ಅಲ್ಲಿ ತರಕಾರಿ ಬೆಳೆಯುವುದು, ವಾರಕ್ಕೊಂದು ದಿನ ತಮ್ಮದೇ ಬ್ರೆಡ್ಡು, ತಮ್ಮದೇ ಸೊಪ್ಪು ಇಟ್ಟುಕೊಂಡು ಅಲ್ಲೇ ಕೂತು ತಿನ್ನುವುದು ಎಂದು ಮಾತಾಯಿತು. ತ್ರಿಪುರಸುಂದರಿ ಗ್ರಾಫ್ ಹಾಳೆ ತಂದು ಗೆರೆ ಎಳೆದಳು. ಬಿಸಿಲು ಬೀಳುವ ಕಡೆ ಬೆಂಡೆ, ಅಲಸಂದೆ. ಕಾಂಪೌಂಡಿನ ನೆರಳಿಗೆ ಕೆಸು. ನಡುವೆ ಹರಿವೆಯ ಪಾತಿಗಳು. ಹಿಂದಿನ ಮೂಲೆಯಲ್ಲಿ ಒಂದು ಚೌಕ ಬರೆದು 'ಗೊಬ್ಬರದ ಗುಂಡಿ, ಮೂರಡಿ' ಎಂದು ಬರೆದಳು.

"ಆ ಮೂಲೆ ಯಾಕೆ?" ಎಂದು ದಾಕ್ಷಾಯಿಣಿ ಕೇಳಿದಳು.

"ಕೋಲು ಚುಚ್ಚಿ ನೋಡ್ದೆ ದಾಕ್ಷಿ. ಬೇರೆ ಕಡೆ ಎಲ್ಲ ಜಂಬಿಟ್ಟಿಗೆ ಕಲ್ಲು, ಅಲ್ಲಿ ಮಾತ್ರ ಬೆಣ್ಣೆ. ಅಗೆಯೋನಿಗೂ ಸುಲಭ."

ಸೈಟು ಕೊಡಲು ದಾಕ್ಷಾಯಿಣಿ ಒಪ್ಪಿದ್ದಕ್ಕೆ ಬೇರೆಯೇ ಕಾರಣವಿತ್ತು. ಅದನ್ನು ಗೆಳತಿಯರಿಗೂ ಹೇಳಿರಲಿಲ್ಲ.

ಇಪ್ಪತ್ತೇಳು ವರ್ಷದ ಹಿಂದೆ ಅವಳ ಚೊಚ್ಚಲ ಹೆಣ್ಣುಮಗು ಮೂರು ದಿನ ಬದುಕಿ ತೀರಿಕೊಂಡಿತು. ಅವರ ಪೈಕಿಯಲ್ಲಿ ಸುಡುವ ಪದ್ಧತಿಯಿಲ್ಲ. ಸತ್ತವರನ್ನು ಮಣ್ಣು ಮಾಡುತ್ತಾರೆ, ಅದೂ ಆದಷ್ಟು ಸ್ವಂತ ನೆಲದಲ್ಲಿ. ಮಾವ ರೇಣುಕಪ್ಪನವರು ಮಗುವನ್ನು ಪಂಚೆಯಲ್ಲಿ ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೋದರು. ಒಳಕೋಣೆಯಲ್ಲಿ ಮಲಗಿದ್ದ ದಾಕ್ಷಾಯಿಣಿಗೆ ಅಗಳಿ ತೆಗೆದ ಸದ್ದು ಕೇಳಿತ್ತು. ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ಅವರು ಹಿಂದಿರುಗಿ ಕಾಲು ತೊಳೆದುಕೊಂಡ ಸದ್ದೂ ಕೇಳಿತ್ತು. ದೂರ ಹೋಗಿರಲಿಲ್ಲ, ಅಷ್ಟು ಗೊತ್ತು. ಜಾಗ ಯಾವುದೆಂದು ಮಾತ್ರ ಹೆತ್ತವಳಿಗೆ ಹೇಳುವ ಹಾಗಿರಲಿಲ್ಲ. ಹೇಳಿದರೆ ಅವಳು ಅಲ್ಲಿಂದ ಏಳುವುದಿಲ್ಲ ಎಂಬುದು ಆ ಮನೆಯ ನಡವಳಿಕೆ. ಆಮೇಲೆ ಗಂಡುಮಗು ಹುಟ್ಟಿತು, ಬೆಳೆಯಿತು, ಮದುವೆಯಾಗಿ ಬಾಳೆಹೊನ್ನೂರಿನಲ್ಲಿ ಅಂಗಡಿಯನ್ನೂ ಇಟ್ಟಿತು. ಮಾವ ತೀರಿಕೊಂಡರು. ಸುತ್ತಲಿನ ಹಿತ್ತಿಲುಗಳೆಲ್ಲ ಮಾರಾಟವಾದವು. ಇದೊಂದನ್ನು ಅವರು ಇದ್ದಷ್ಟು ದಿನ ಮಾರಲೂ ಇಲ್ಲ, ಕಟ್ಟಲೂ ಬಿಡಲಿಲ್ಲ. ಈಗ ಜಾಗ ಗೊತ್ತಿದ್ದವರೆಂದರೆ ಎಂಬತ್ತು ದಾಟಿದ ಅತ್ತೆ ವೀರಮ್ಮ ಒಬ್ಬರೇ. ಹಿಂದೊಮ್ಮೆ ದಾಕ್ಷಾಯಿಣಿ ಕೇಳಿಯೂ ಕೇಳಿದ್ದಳು. "ಅದು ತಾಯಿಗೆ ಹೇಳೋದಲ್ಲ ಮಗಾ" ಎಂದು ಮುಖ ತಿರುಗಿಸಿದ್ದರು. ಎರಡನೆಯ ಸಲ ಕೇಳುವ ಧೈರ್ಯ ಬಂದಿರಲಿಲ್ಲ.

ಮಣ್ಣಿನಲ್ಲಿ ಓಡಾಡಿದರೆ, ಕೈಯಾಡಿಸಿದರೆ, ಒಂದು ದಿನ ತನಗೇ ತಿಳಿದೀತು ಎಂದು ಅವಳ ಆಸೆ. ಆದರೆ ಗುಂಡಿಯೆಂದರೆ ಬೇರೆ. ಪಾತಿಗೆ ಅರ್ಧ ಅಡಿ ಕೆತ್ತಿದರೆ ಸಾಕು. ಗುಂಡಿಗೆ ಮೂರಡಿ. ಆ ಮೂರಡಿಯಲ್ಲಿ ಗುದ್ದಲಿಗೆ ಏನು ಸಿಕ್ಕೀತು?

ಅಗೆಯಲು ಗೊತ್ತಾದವನು ಮುತ್ತಿನಕೊಪ್ಪದ ಮಹೇಶ್ವರ. ಅಡಿಕೆ ಕೊಯ್ಲಿನ ಕೆಲಸ ಮುಗಿಸಿಕೊಂಡು ಸಂಕ್ರಾಂತಿ ಕಳೆದ ವಾರ ಬರುತ್ತೇನೆಂದ.

"ಸೋಮವಾರ ನಮ್ಮಲ್ಲಿ ಮಣ್ಣು ಕೆದಕೋದಿಲ್ಲ" ಎಂದಳು ದಾಕ್ಷಾಯಿಣಿ.

"ಮಂಗಳವಾರ ನಮ್ಮಲ್ಲಿ ಆಗೋದಿಲ್ಲ" ಎಂದಳು ತ್ರಿಪುರಸುಂದರಿ.

"ನಮಗೆ ಎಲ್ಲ ವಾರಾನೂ ಆಗ್ತದೆ, ಕೂಲಿ ಮಾತ್ರ ಸಾಲೋದಿಲ್ಲ" ಎಂದು ಮಹೇಶ್ವರ ನಕ್ಕ. ಬುಧವಾರವೆಂದಾಯಿತು.

ಹದಿನೈದು ದಿನ ಇತ್ತು.

ಅಷ್ಟರಲ್ಲಿ ತ್ರಿಪುರಸುಂದರಿಯ ಭರಣಿಗೆ ಹಸಿರು ಬೂಷ್ಟು ಹಿಡಿಯಿತು. ವಸಂತಮ್ಮನದು ಸತ್ತ ಇಲಿಯ ವಾಸನೆ ಬಂತೆಂದು ಅವಳ ಸೊಸೆ ಮೋರಿಗೆ ಸುರಿದಳು. ದಾಕ್ಷಾಯಿಣಿಯದು ಮಾತ್ರ, ಅಡುಗೆಮನೆಯ ಹಿತ್ತಿಲ ಕಿಟಕಿಯ ಕಟ್ಟೆಯ ಮೇಲೆ, ಆ ಕೊರೆಯುವ ಚಳಿಯಲ್ಲಿ, ಐದನೆಯ ದಿನ ಗುಳ್ಳೆ ಎಬ್ಬಿಸಿತು. ಆರನೆಯ ದಿನ ಎರಡರಷ್ಟಾಯಿತು. ಎಂಟನೆಯ ದಿನ ಮುಚ್ಚಿದ್ದ ಸ್ಟೀಲಿನ ತಟ್ಟೆಯನ್ನು ಎತ್ತಿಕೊಂಡು ಮೇಲೆ ಬಂತು. ಮುಟ್ಟಿದರೆ ಬೆಚ್ಚಗಿತ್ತು. ವಾಸನೆಯೂ ಹುಳಿಯದಲ್ಲ; ಹಾಲು ಕುಡಿದು ಮಲಗಿದ ಮಗುವಿನ ಕತ್ತಿನ ಸಂದಿಯದು.

"ಎಂತದು ಅದು?" ವೀರಮ್ಮ ಊರುಗೋಲು ಹಿಡಿದು ಅಡುಗೆಮನೆಗೆ ಬಂದವರು ಕೇಳಿದರು.

"ಬ್ರೆಡ್ಡಿಗೆ ಹೆಪ್ಪು ಅತ್ತೆ."

"ಯಾರ ಮನೆಯಿಂದ ತಂದೆ?"

"ಯಾರ ಮನೆಯಿಂದಲೂ ಇಲ್ಲ. ಗಾಳಿಯಿಂದ ಬರ್ತದಂತೆ."

ಮುದುಕಿ ಭರಣಿಯನ್ನು ಒಂದು ಗಳಿಗೆ ದಿಟ್ಟಿಸಿದರು. "ಯಾರ ಮನೇದು ಅಂತ ಗೊತ್ತಿಲ್ದೆ ಹೆಪ್ಪು ಹಾಕ್ತಾರಾ?" ಎಂದವರು ಒಳಕೋಣೆಗೆ ಹೋಗಿ ಮಲಗಿದರು.

ಹಿಟ್ಟು ನೆಟ್ಟಗೆ ಉಬ್ಬುತ್ತಿಲ್ಲ ಎಂಬುದನ್ನು ದಾಕ್ಷಾಯಿಣಿ ಗಮನಿಸಿದ್ದು ಅದಾದ ಮಾರನೆಯ ದಿನ. ಕಿಟಕಿಯ ಕಡೆ, ಅಂದರೆ ಹಿತ್ತಿಲ ಕಡೆ, ಎರಡು ಬೆರಳು ಎತ್ತರ; ಒಳಗಿನ ಕಡೆ ತಗ್ಗು. ಭರಣಿಯನ್ನು ತಿರುಗಿಸಿಟ್ಟಳು. ಬೆಳಗಾಗುವಷ್ಟರಲ್ಲಿ ಎತ್ತರ ಮತ್ತೆ ಕಿಟಕಿಯ ಕಡೆಗೇ ಬಂದಿತ್ತು.

"ಕಿಟಕಿಯಿಂದ ಬಿಸಿಲು ಬೀಳ್ತದಲ್ಲ, ಬೆಚ್ಚಗಿರೋ ಕಡೆ ಜಾಸ್ತಿ ಉಬ್ತದೆ" ಎಂದು ತ್ರಿಪುರಸುಂದರಿ ಪಾಠ ಹೇಳಿದಳು. "ಬಿಸಿಲೇ ಇಲ್ಲದ ಕಡೆ ಇಟ್ಟು ನೋಡು."

ದಾಕ್ಷಾಯಿಣಿ ಅದನ್ನು ನಡುಮನೆಯ ಗೋಡೆಗೂಡಿನೊಳಗೆ ಬಟ್ಟೆ ಮುಚ್ಚಿ ಇಟ್ಟಳು. ಬೆಳಿಗ್ಗೆ ಬಟ್ಟೆ ತೆಗೆದರೆ ಹಿಟ್ಟು ಹಿತ್ತಿಲ ಕಡೆಯ ಗಾಜಿಗೆ ಅಂಟಿಕೊಂಡು, ಒತ್ತಿಕೊಂಡು ನಿಂತಿತ್ತು. ಕಿಟಕಿಗೆ ಮುಖವಿಟ್ಟು ಹೊರಗೆ ನೋಡುವವರ ಹಾಗೆ.

ತ್ರಿಪುರಸುಂದರಿ ಬಂದು ನೋಡಿದಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಮ್ಮೆ ನೋಡಿದಳು. "ಗೂಡಿನ ತಳ ಮಟ್ಟ ಇಲ್ವೇನೋ" ಎಂದಳು. ದನಿಯಲ್ಲಿ ಪಾಠ ಇರಲಿಲ್ಲ.

ಅದೇ ಹಿಟ್ಟಿನಲ್ಲಿ ಮೊದಲ ಬ್ರೆಡ್ಡು ಮಾಡಿದರು. ಓವನ್ ಇರಲಿಲ್ಲ. ದೊಡ್ಡ ಕುಕ್ಕರಿನ ರಬ್ಬರು, ಸೀಟಿ ತೆಗೆದು, ತಳಕ್ಕೆ ಉಪ್ಪು ಹಾಸಿ, ಕಾಯಿಸಿ, ಒಳಗೆ ಡಬ್ಬಿಯಿಟ್ಟು ಮುಕ್ಕಾಲು ಗಂಟೆ ಬೇಯಿಸಿದ್ದಾಯಿತು. ಬ್ರೆಡ್ಡು ಕೂಡ ಒಂದೇ ಕಡೆ ಉಬ್ಬಿ ವಾಲಿತ್ತು. ಕೊಯ್ದರೆ ಎತ್ತರವಾದ ಕಡೆ ಒಳಗೆ ಒಂದು ಪೊಳ್ಳು, ಮುಷ್ಟಿಯಷ್ಟು ದೊಡ್ಡದು, ಒಳಮೈ ನುಣ್ಣಗೆ.

ಗಂಗಾಧರ ಒಂದು ಹೋಳು ಕಚ್ಚಿ, "ಪರವಾಗಿಲ್ಲ, ಹೊರಗಿಂದು ಪಾಯಕ್ಕೆ ಹಾಕಬಹುದು, ಒಳಗಿಂದು ತಿನ್ನಬಹುದು" ಎಂದ. ವಸಂತಮ್ಮ ಎರಡು ಹೋಳು ತಿಂದಳು. ತ್ರಿಪುರಸುಂದರಿ ಹಲ್ಲುನೋವೆಂದಳು. ದಾಕ್ಷಾಯಿಣಿ ಪೊಳ್ಳಿನ ಸುತ್ತಲಿನ ಭಾಗವನ್ನು ಯಾರಿಗೂ ಕೊಡದೆ ಎತ್ತಿಟ್ಟು, ಎಲ್ಲರೂ ಹೋದ ಮೇಲೆ ಒಬ್ಬಳೇ ಕೂತು ತಿಂದಳು. ಭರಣಿಯಲ್ಲಿ ಬಂದು ಸೇರಿದ್ದು ಯಾರೆಂದು ಅವಳಿಗೆ ಈಗ ಗೊತ್ತಾಗಿತ್ತು. ಅಥವಾ ಗೊತ್ತಾಯಿತೆಂದುಕೊಂಡಳು.

ಆ ಕಡೆ ಬೋರು ತೆಗೆಸುವವರು ನೀರು ನೋಡಲು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟ ಸುತ್ತುತ್ತಾರೆ. ನೀರಿರುವ ಕಡೆ ಕಾಯಿ ಎದ್ದು ನಿಲ್ಲುತ್ತದೆ ಎಂದು ನಂಬಿಕೆ. ಅವಳು ಬೆಳೆದದ್ದು ಅದನ್ನು ನೋಡಿಯೇ. ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ, ಮಂಜು ಇನ್ನೂ ಕಾಂಪೌಂಡಿನ ಮೇಲೆ ಕೂತಿರುವಾಗ, ದಾಕ್ಷಾಯಿಣಿ ಭರಣಿಯನ್ನು ಎರಡೂ ಅಂಗೈ ಮೇಲಿಟ್ಟುಕೊಂಡು ಸೈಟಿಗೆ ಇಳಿದಳು. ಮನೆಯ ಹತ್ತಿರ ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತಳು, ಹಿಟ್ಟು ಸುಮ್ಮನಿತ್ತು. ಬಲಗಡೆ ಹೋದಳು, ಇಲ್ಲ. ನಡುವಿಗೆ ಬಂದಾಗ ಒಂದು ಗುಳ್ಳೆ ಒಡೆಯಿತು. ಹಿಂದಿನ ಮೂಲೆಗೆ, ತ್ರಿಪುರಸುಂದರಿ ಗುಂಡಿಗೆಂದು ಗೂಟ ಹೊಡೆದಿದ್ದ ಮೆತ್ತನೆಯ ಜಾಗಕ್ಕೆ ಬಂದು ನಿಂತದ್ದೇ, ಹಿಟ್ಟು ಅವಳ ಕಣ್ಣೆದುರೇ ಉಸಿರೆಳೆದುಕೊಂಡವರ ಹಾಗೆ ಮೇಲೆದ್ದು ಭರಣಿಯ ಅಂಚು ಮೀರಿ ಅವಳ ಹೆಬ್ಬೆರಳಿನ ಮೇಲೆ ಇಳಿಯಿತು. ಬೆಚ್ಚಗೆ. ಹಿಡಿದುಕೊಂಡ ಹಾಗೆ.

ಅವತ್ತೇ ಗೆಳತಿಯರನ್ನು ಕರೆಸಿ ಹೇಳಿದಳು. "ಗುಂಡಿ ಅಲ್ಲಿ ಬೇಡ. ಅಲ್ಲಿ ನನ್ನ ಮಗು ಇದೆ."

ಎಲ್ಲ ಕೇಳಿದ ಮೇಲೆ ವಸಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ತ್ರಿಪುರಸುಂದರಿ ಗ್ರಾಫ್ ಹಾಳೆ ಬಿಡಿಸಿಟ್ಟು, "ಅತ್ತೆಯವರನ್ನ ಒಂದು ಮಾತು ಕೇಳಬಹುದಿತ್ತಲ್ಲ ದಾಕ್ಷಿ" ಎಂದಳು.

"ಅವರು ಹೇಳೋದಿಲ್ಲ. ಇನ್ನು ಹೇಳೋದೂ ಬೇಡ. ಅದೇ ಹೇಳ್ತಲ್ಲ."

ತ್ರಿಪುರಸುಂದರಿ ರಬ್ಬರು ತೆಗೆದುಕೊಂಡು ಚೌಕವನ್ನು ಅಳಿಸಿದಳು. "ಹಾಗಾದ್ರೆ ಎಲ್ಲಿ ತೋಡಿಸೋದು?"

ದಾಕ್ಷಾಯಿಣಿ ಯೋಚಿಸಿದಳು. ಆ ಮೂಲೆಯಿಂದ ಆದಷ್ಟು ದೂರ ಇರಬೇಕು. "ಒಗೆಯೋ ಕಲ್ಲಿನ ಹತ್ರ. ವಾಷಿಂಗ್ ಮಷೀನ್ ಬಂದ ಮೇಲೆ ಆ ಕಲ್ಲು ಯಾರಿಗೆ ಬೇಕು? ಎಬ್ಬಿಸಿ ಅಲ್ಲೇ ತೋಡ್ಲಿ."

ಆಮೇಲಿನ ದಿನಗಳಲ್ಲಿ ಅವಳಿಗೆ ಒಂದು ಬಗೆಯ ಸುಖವೇ ಇತ್ತೆನ್ನಬೇಕು. ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ, ತಪ್ಪದೆ ಹಿಟ್ಟು ಕಲಸಿ ಹಾಕುವಳು. ಹಾಕುವಾಗ ಮೆಲ್ಲಗೆ ಮಾತಾಡುವಳು. ಹೆಸರಿಡುವಷ್ಟು ದಿನ ಬದುಕದ ಮಗುವಿಗೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರನ್ನು ಹೇಳಿ ಕರೆಯುವಳು. ಐದಕ್ಕೆ ಐದು ನಿಮಿಷ ಹೆಚ್ಚಾದರೆ ತಟ್ಟೆ ಕಟಕಟನೆ ಅಲುಗುತ್ತಿತ್ತು. ಬಾಳೆಹೊನ್ನೂರಿನ ಮಗನ ಮನೆಗೆ ಹಬ್ಬದ ಎಳ್ಳು ಕೊಡಲು ಹೋದವಳು ಮಧ್ಯಾಹ್ನದ ಬಸ್ಸಿಗೇ ಓಡಿ ಬಂದಳು. "ಎಂತ ಅವಸರ ನಿಂದು, ಎಳೇ ಮಗು ಬಿಟ್ಟು ಬಂದವಳ ಹಂಗೆ?" ಎಂದು ಬೀಗಿತ್ತಿ ತಮಾಷೆ ಮಾಡಿದರೆ ದಾಕ್ಷಾಯಿಣಿ ನಕ್ಕು ಬಸ್ಸು ಹತ್ತಿದಳು.

ಬುಧವಾರ ಮಹೇಶ್ವರ ಬಂದದ್ದು ಮೂರೂವರೆಗೆ. ಗಂಗಾಧರ ಅಂಗಡಿಯಲ್ಲಿದ್ದ, ಮೂವರು ಹೆಂಗಸರೂ ಸೈಟಿನಲ್ಲಿ ನಿಂತಿದ್ದರು. ಮಹೇಶ್ವರ ಹಾರೆ ಕೊಟ್ಟು ಒಗೆಯುವ ಕಲ್ಲನ್ನು ಮೀಟಿದ. ಕಲ್ಲು ಒಂದು ಸಲಕ್ಕೆ ಬರಲಿಲ್ಲ. ಎರಡನೆಯ ಸಲ ನೆಲದಿಂದ ಕಿತ್ತುಕೊಂಡು ಮಗ್ಗುಲಾಯಿತು.

"ಯಾರಮ್ಮ ಇದನ್ನ ಹಾಕಿದ್ದು? ಒಗೆಯೋ ಕಲ್ಲಿಗೆ ಇಷ್ಟು ಆಳ ಹೂಳ್ತಾರಾ?"

"ಮಾವ ಹಾಕಿಸಿದ್ದು" ಎಂದಳು ದಾಕ್ಷಾಯಿಣಿ. "ನಾನು ಬಂದ ಹೊಸದರಲ್ಲಿ."

ಒಂದಡಿ ಅಗೆದ. ಒಂದೂವರೆ ಆಯಿತು. ಗುದ್ದಲಿಯೊಂದಿಗೆ ಮೇಲೆ ಬಂದ ಮಣ್ಣಿನಲ್ಲಿ ಬೆಳ್ಳಗಿನ ಗಟ್ಟಿಯೊಂದು ಉರುಳಿ ದಾಕ್ಷಾಯಿಣಿಯ ಕಾಲ ಬಳಿ ಬಿತ್ತು. "ಸುಣ್ಣ ಇರಬೇಕು" ಎಂದ ಮಹೇಶ್ವರ. ಅವಳು ಬಗ್ಗಿ ಎತ್ತಿಕೊಂಡು ಬೆರಳಿನಿಂದ ಉಜ್ಜಿದಳು. ಸುಣ್ಣವಲ್ಲ. ಅದನ್ನು ದಿನಾ ಹಣೆಗೆ ಹಚ್ಚುವ ಬೆರಳಿಗೆ ಆ ನುಣುಪಿನ ಗುರುತು ತಪ್ಪಲು ಸಾಧ್ಯವಿಲ್ಲ. ವಿಭೂತಿ ಗಟ್ಟಿ. ಅವರಲ್ಲಿ ಹೂಳುವಾಗ ಮೈಸುತ್ತ ಇಡುವಂಥದ್ದು.

"ನಿಲ್ಸೋ!"

ಹಿತ್ತಿಲ ಬಾಗಿಲಲ್ಲಿ ವೀರಮ್ಮ. ಒಗೆಯುವ ಕಲ್ಲಿನ ಕಡೆಯಿಂದ ಗುದ್ದಲಿಯ ಸದ್ದು ಒಳಕೋಣೆಗೆ ಕೇಳಿ ಎದ್ದು ಬಂದಿದ್ದರು. ಊರುಗೋಲೂ ಇರಲಿಲ್ಲ, ಗೋಡೆ ಹಿಡಿದು, ಆಮೇಲೆ ಗೋಡೆಯನ್ನೂ ಬಿಟ್ಟು ಬಂದು, ಅಗೆದ ಮಣ್ಣಿನ ಗುಪ್ಪೆಯ ಮೇಲೆ ಕುಸಿದು ಕೂತರು.

"ಯಾರು ಹೇಳಿದ್ದು ನಿಂಗೆ ಇಲ್ಲಿ ಅಗೆಸು ಅಂತ? ನಿನ್ನ ಮಗುನೇ ಕಣೇ ಇಲ್ಲಿರೋದು! ನೀನು ದಿನಾ ಅದರ ಹತ್ರ ಇರ್ಬೇಕು ಅಂತ ನಿಮ್ಮ ಮಾವ ಮೇಲೆ ಕಲ್ಲು ತಂದು ಹಾಕಿದ್ರು. ಜಾಗ ಹೇಳಬಾರದು, ಬಿಟ್ಟಿರ್ಲೂಬಾರದು ಅಂತ. ಇಪ್ಪತ್ತೇಳು ವರ್ಷ ಇಲ್ಲೇ ನಿಂತು ಬಟ್ಟೆ ಒಗೆದ್ಯಲ್ಲೇ."

ದಾಕ್ಷಾಯಿಣಿ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದಳು. ಮಣ್ಣಿಗೆ ಅಂಗೈ ಒತ್ತಿದಳು. ತಣ್ಣಗಿತ್ತು. ಬೇಡುವಂಥದ್ದು ಏನೂ ಅದರಲ್ಲಿ ಇರಲಿಲ್ಲ. ಎಷ್ಟೋ ಕಾಲದ ಹಿಂದೆಯೇ ನಿದ್ದೆ ಹೋದ ನೆಲ.

ಮಹೇಶ್ವರ ಯಾರೂ ಹೇಳದೆಯೇ ಮಣ್ಣನ್ನು ಕೈಯಿಂದಲೇ ಹಿಂದಕ್ಕೆ ತಳ್ಳತೊಡಗಿದ.

"ಹಾಗಾದ್ರೆ ಆ ಮೂಲೇಲಿ?" ತ್ರಿಪುರಸುಂದರಿಯ ಬೆರಳು ಮೇಲೇಳಲಿಲ್ಲ, ಕಣ್ಣಲ್ಲೇ ತೋರಿಸಿದಳು.

ವೀರಮ್ಮ ಆ ಕಡೆ ನೋಡಲಿಲ್ಲ. "ಅದು ನಮ್ಮನೇದಲ್ಲ. ನಾ ಮದುವೆಯಾಗಿ ಬಂದಾಗ್ಲೇ ನಮ್ಮತ್ತೆ ಹೇಳಿದ್ರು, ಆ ಮೂಲೆ ತುಳೀಬೇಡ, ಆ ಕಡೆ ಕೂತು ಉಣ್ಣಬೇಡ, ಮಗು ಎತ್ತಿಕೊಂಡು ಹೋಗಬೇಡ ಅಂತ. ಎಂತದು ಅಂತ ಅವರಿಗೂ ಗೊತ್ತಿರಲಿಲ್ಲ. ಈ ನೆಲ ನಮಗೆ ಬರೋಕೂ ಮುಂಚಿಂದು."

ವಸಂತಮ್ಮ ತಾನು ತಿಂದಿದ್ದ ಎರಡು ಹೋಳು ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. "ಹಂಗಾದ್ರೆ ದಾಕ್ಷಾಯಿಣಕ್ಕಾ, ಇಷ್ಟು ದಿನ ನೀವು ಉಣಿಸಿದ್ದು ಯಾರಿಗೆ?"

ತನ್ನ ಮೂಲೆ ಉಳಿಸಿಕೊಳ್ಳಲು ಅದು ದಾಕ್ಷಾಯಿಣಿಯ ಬೆರಳು ಹಿಡಿದಿತ್ತು. ಹಿಡಿದು, ಗುದ್ದಲಿಯನ್ನು ಇಲ್ಲಿಗೆ ಕಳಿಸಿತ್ತು. ಅವಳು ಅದನ್ನು ಮಗಳ ಹೆಸರಿನಿಂದ ಕರೆದಿದ್ದಳು. ಅದು ಆ ಹೆಸರಿಗೆ ಓಗೊಟ್ಟಿತ್ತು.

ಆಗ ಮನೆಯೊಳಗಿಂದ, ಅಡುಗೆಮನೆಯ ಕಡೆಯಿಂದ, ಸ್ಟೀಲಿನ ತಟ್ಟೆ ನೆಲಕ್ಕೆ ಬಿದ್ದ ಸದ್ದು ಬಂತು. ಬಿದ್ದು, ಗರಗರನೆ ತಿರುಗಿ, ನಿಧಾನಕ್ಕೆ ನಿಂತಿತು. ಮನೆಯವರೆಲ್ಲ ಹೊರಗೇ ಇದ್ದರು. ಬಿಸಿಲು ಇನ್ನೂ ಕಾಂಪೌಂಡಿನ ಮೇಲಿತ್ತು.

"ಐದು ಗಂಟೆ ಆಯ್ತಾ?" ಎಂದರು ವೀರಮ್ಮ.

ತ್ರಿಪುರಸುಂದರಿ ಕೈಗಡಿಯಾರ ನೋಡಿಕೊಂಡಳು. "ಐದೂ ಹತ್ತು."

"ಹೋಗು ಮಗಾ. ಹಿಟ್ಟು ಹಾಕಿ ಬಾ."

"ನಂದಲ್ಲವಲ್ಲ ಅತ್ತೆ ಅದು!"

"ನಿಂದಲ್ಲ." ಮುದುಕಿ ಸೊಸೆಯ ಕೈಯ ಮಣ್ಣನ್ನು ತಮ್ಮ ಸೆರಗಿನಿಂದ ಒರೆಸಿದರು. "ಆದ್ರೆ ಅಭ್ಯಾಸ ಹಿಡಿಸಿದವಳು ನೀನು. ಇಲ್ಲಿ ಮಲಗಿರೋದನ್ನ ನಾ ನೋಡ್ಕೊಂಡು ಕೂತಿರ್ತೀನಿ. ನೀ ಹೋಗು, ಅದು ಹೊರಗೆ ಬರೋಕೆ ಮುಂಚೆ."

ದಾಕ್ಷಾಯಿಣಿ ಎದ್ದಳು. ಬಾಗಿಲವರೆಗೂ ಯಾರೂ ಜೊತೆಗೆ ಬರಲಿಲ್ಲ, ಅವಳೂ ಕರೆಯಲಿಲ್ಲ. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಹೊರಗಿನವರಿಗೆ ಕೇಳಿಸಿತು. ದಿನಾ ಅವಳು ಹಾಕುತ್ತಿದ್ದದ್ದು ಒಂದು ಹಿಡಿ. ಆ ಸಂಜೆ ಒಂದು ಹಿಡಿ ಸಾಲಲಿಲ್ಲ.